ಅಟ್ಟದ ಮೇಲೆ ಹಸಿ ಕಾಯಿ

ತೋಟದ ಮನೆ, ಗುಬ್ಬಿ
ಗುರುವಾರ, 14 ನವೆಂಬರ್ 2024

ಪ್ರೀತಿಯ ಮಗಳು ಮಾನಸಾಳಿಗೆ,

ನಿನ್ನ ಚಿಕ್ಕಪ್ಪ ಚಿಕ್ಕಬೋರಯ್ಯನ ಆಶೀರ್ವಾದ. ಇದರಲ್ಲಿ ಒಂದು ಪಾಲನ್ನು ನಿನ್ನ ಯಜಮಾನರು ಭಾನುಪ್ರಕಾಶ್ ಅವರಿಗೂ ದೊಡ್ಡ ಪಾಲನ್ನು ಮಗು ಸಿದ್ಧಾರ್ಥನಿಗೂ ಕೊಡು. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ ಎಂದು ಬರೆಯುವುದು ವಾಡಿಕೆ. ನಾನು ಚೆನ್ನಾಗಿದ್ದೇನೆ. ನಿನ್ನ ಚಿಕ್ಕಮ್ಮ ಲಕ್ಷ್ಮೀದೇವಮ್ಮ ಹೇಗಿದ್ದಾಳೆ ಎಂದು ಅವಳನ್ನೇ ಕೇಳಬೇಕು. ಶನಿವಾರದಿಂದ ನನ್ನ ಹತ್ತಿರ ಮಾತು ಕಡಿಮೆ ಮಾಡಿದ್ದಾಳೆ. ತಟ್ಟೆಯನ್ನು ನೆಲಕ್ಕೆ ಕುಕ್ಕುವ ಸದ್ದು ಕೇಳಿ ಊಟಕ್ಕೆ ಹೊತ್ತಾಯಿತು ಎಂದು ತಿಳಿದುಕೊಳ್ಳುತ್ತಿದ್ದೇನೆ.

ಈ ಕಾಗದವನ್ನು ಭಾನುವಾರವೇ ಬರೆಯಬೇಕಿತ್ತು. ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಬರೆಯಲು ಬಾರದವನಲ್ಲ ನಾನು. ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಯಲ್ಲಿ ಪತ್ರಲೇಖನಕ್ಕೆ ಇಡೀ ಹೋಬಳಿಯಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ನಮ್ಮೂರಿನ ಅರ್ಧ ಮದುವೆಗಳು ನಾನು ಬರೆದುಕೊಟ್ಟ ಕಾಗದದಿಂದಲೇ ಕುದುರಿದ್ದು. ಉಳಿದರ್ಧ ಮುರಿದದ್ದೂ ಅದರಿಂದಲೇ ಎಂದು ನಿನ್ನಪ್ಪ ಎಲ್ಲರೆದುರು ಹೇಳಿ ನಗುತ್ತಿದ್ದ, ಅದು ಬೇರೆ ಮಾತು. ಫೋನಿನಲ್ಲೇ ಮುಗಿಸೋಣ ಎಂದು ಕಾದೆ. ನೀನು ಎತ್ತಲಿಲ್ಲ. ಮೆಸೇಜು ಕಳಿಸಿದೆ. ಎರಡು ಗೀಟು ನೀಲಿಯಾದವು, ಉತ್ತರ ಬರಲಿಲ್ಲ. ಕಾಗದವಾದರೆ ನೀಲಿಯಾಗುವುದಿಲ್ಲ, ನೀನು ಓದಿದೆಯೋ ಇಲ್ಲವೋ ಎಂದು ನಾನು ಗಳಿಗೆಗೊಮ್ಮೆ ತೆಗೆದು ನೋಡುತ್ತಾ ಕೂರಬೇಕಾಗಿಲ್ಲ. ಅಂಚೆಗೆ ಹಾಕಿದರೆ ಸೋಮವಾರ ದಾಟಿಬಿಡುತ್ತದೆ ಎಂದು ನಾಳೆ ಬೆಳಿಗ್ಗೆ ನಿಮ್ಮೂರಿಗೆ ಬರುವ ಹಾಲಿನ ವ್ಯಾನಿನವನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ.

ಸೋಮವಾರದೊಳಗೆ ನೀನು ಇದನ್ನು ಓದಲೇಬೇಕು. ಅಂದು ಗುಬ್ಬಿಯ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಈ ಮನೆಯ ನಿನ್ನ ಅರ್ಧ ಭಾಗದ ಹಕ್ಕನ್ನು ನನಗೆ ಬಿಟ್ಟುಕೊಟ್ಟು ಸಹಿ ಹಾಕುತ್ತೀಯಲ್ಲ, ಶನಿವಾರ ವ್ಯಾಲ್ಯುಯರ್ ಗೊತ್ತು ಮಾಡಿದ ಬೆಲೆಗೆ, ಆ ಬೆಲೆ ಅಟ್ಟವಿರುವ ಮನೆಯ ಬೆಲೆ. ಬೆಡ್‌ರೂಮಿರುವ ಮನೆಯ ಬೆಲೆಯಲ್ಲ. ಅಟ್ಟದ ಬೆಲೆಯಲ್ಲಿ ನೀವು ಕೊಳ್ಳಬೇಕೆಂದಿದ್ದ ಶಿರಾ ಗೇಟ್ ಹಿಂದಿನ ಆ ಮನೆ ನಿಮ್ಮ ಕೈಗೆ ಬರುವುದಿಲ್ಲ ಎಂದು ನಿನಗೂ ಗೊತ್ತು, ನನಗೂ ಗೊತ್ತು.

ನಡೆದದ್ದನ್ನು ಮೊದಲಿನಿಂದ ಬರೆಯುತ್ತೇನೆ. ನಿನಗೆ ಗೊತ್ತಿರುವುದೂ ಇದೆ, ಇಲ್ಲದ್ದೂ ಇದೆ. ಓದುತ್ತಾ ಮಧ್ಯೆ ಬಾಯಿ ಹಾಕಬೇಡ.

ಈ ಮನೆಯನ್ನು ನಮ್ಮಪ್ಪ ಕಟ್ಟಿಸಿದ್ದು ತೆಂಗಿನಕಾಯಿಗೆ. ಮನುಷ್ಯರು ಕೆಳಗೆ ಹೊಂದಿಕೊಂಡು ಇರಲಿ ಎಂದು ಒಂದು ನಡುಮನೆ, ಒಂದು ಕೋಣೆ, ಅಡುಗೆಮನೆ ಬಿಟ್ಟು, ಮೇಲಿನ ಅಟ್ಟವನ್ನೆಲ್ಲ ಕಾಯಿಗೆ ಕೊಟ್ಟ. ಬಿದಿರಿನ ದಬ್ಬೆಯ ಮೇಲೆ ಕಾಯಿ ಹರಡಿದರೆ ಒಲೆಯ ಬಿಸಿಗೆ, ಹೊಗೆಗೆ ನೀರೆಲ್ಲ ಇಂಗಿ ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ. ನಿನ್ನ ಅಪ್ಪ ಅಮ್ಮ ಇಬ್ಬರೂ ತೀರಿಹೋದ ಮೇಲೆ ನೀನು ಪಿಯುಸಿಯಿಂದ ಮದುವೆಯವರೆಗೆ ಈ ಮನೆಯಲ್ಲೇ ಇದ್ದೆ. ಅಷ್ಟು ವರ್ಷವೂ ನಿನ್ನ ಚಾಪೆ ನಡುಮನೆಯಲ್ಲಿ, ಚಿಕ್ಕಮ್ಮನ ಮಗ್ಗುಲಲ್ಲಿ. ಮದುವೆಯಾದ ಮೇಲೆ ಬಂದಾಗಲೂ ಅಷ್ಟೇ. ಭಾನುಪ್ರಕಾಶ್ ಕುಣಿಗಲ್ಲಿನ ದೊಡ್ಡ ಮನೆಯಲ್ಲಿ ಬೆಳೆದವರು. ನಡುಮನೆಯಲ್ಲಿ ಎಲ್ಲರ ಕಾಲ ಬಳಿ ಮಲಗಿ, ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು ಜಗುಲಿಯಲ್ಲಿ ಕೂತಿರುತ್ತಿದ್ದರು. ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ, ಸಂಜೆಯ ಬಸ್ಸಿಗೇ ಹೊರಟುಬಿಡುತ್ತಿದ್ದರು.

ಈ ವರ್ಷ ಮುಂಗಾರಿಗೆ ಮುಂಚೆ, ಗುಬ್ಬಿ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಬ್ರೋಕರ್ ವೆಂಕಟರಂಗಯ್ಯ ಸಿಕ್ಕಿದ.

“ಏನ್ ಬೋರಣ್ಣ, ಬಿದರೆಹಳ್ಳ ಕಾವಲ್ ಫ್ಯಾಕ್ಟ್ರಿ ಇಂಜಿನಿಯರ್‌ಗಳು ಇಲ್ಲೀಗಂಟ ಮನೆ ಹುಡುಕ್ತಾವ್ರೆ, ನೀನು ಅಷ್ಟ್ ದೊಡ್ಡ್ ಅಟ್ಟಾನ ಕಾಯಿಗೆ ಬುಟ್ಕೊಟ್ಟಿದೀಯಲ್ಲ! ಅಟ್ಟ ಅಂದ್ರೆ ಯಾವನೂ ಲೆಕ್ಕಕ್ ತಗಳಲ್ಲ ಕಣೋ. ಅದಕ್ಕೇ ಮೆಟ್ಲು, ಕಿಟ್ಕಿ, ಫ್ಯಾನು ಹಾಕ್ಸಿ ಬೆಡ್ರೂಮ್ ಅನ್ನು, ಮನೆ ರೇಟೇ ಬೇರೆ” ಎಂದ.

“ನನಗೆ ಹೇಳ್ಕೊಡಕ್ ಬರ್ತೀಯೇನ್ಲಾ? ನಾನು ಆಗ್ಲೇ ಪ್ಲಾನ್ ಬರ್ಸಿವ್ನಿ” ಎಂದೆ. ಬರೆಸಿರಲಿಲ್ಲ. ಮಾರನೇ ದಿನ ಬರೆಸಿದೆ.

ಅಟ್ಟದಲ್ಲಿದ್ದ ಕೊಬ್ಬರಿಯನ್ನೆಲ್ಲ ಸುಲಿಸಿ ಮಾರಿದೆ. ಹೆಂಚು ಇಳಿಸಿ ಗೋಡೆ ಮೂರಡಿ ಏರಿಸಿದೆ. ದಬ್ಬೆ ಕಿತ್ತು ಹಲಗೆ ಹಾಕಿ, ಮೇಲೆ ತೇಗದಂತೆಯೇ ಕಾಣುವ ಶೀಟು ಹಾಸಿದೆ. ತೋಟದ ಕಡೆಗೆ ಒಂದು ಕಿಟಕಿ, ರಸ್ತೆಯ ಕಡೆಗೆ ಒಂದು. ತಲೆ ಹೊಡೆಯದ ಹಾಗೆ ಹತ್ತಲು ಕಬ್ಬಿಣದ ಮೆಟ್ಟಿಲು. ಮಂಚದ ತಲೆದೆಸೆಯಲ್ಲೇ ಮೊಬೈಲ್ ಚಾರ್ಜಿಗೆ ಪಾಯಿಂಟು. ಮೇಸ್ತ್ರಿಗೆ ಅರ್ಧ ಕೆಲಸ ನಾನೇ ಕಲಿಸಿದೆ ಎಂದರೆ ನೀನು ನಂಬುವುದಿಲ್ಲ. ಬೇಕಾದರೆ ಅವನನ್ನೇ ಕೇಳು, ನನ್ನ ಹೆಸರು ಹೇಳಿದರೆ ಈಗಲೂ ಕೈ ಮುಗಿಯುತ್ತಾನೆ. ಯಾಕೆ ಮುಗಿಯುತ್ತಾನೆ ಎಂದು ಮಾತ್ರ ಕೇಳಬೇಡ.

ಇಷ್ಟಕ್ಕೇ ಸುಮ್ಮನಿದ್ದಿದ್ದರೆ ಏನೂ ಆಗುತ್ತಿರಲಿಲ್ಲ. ವಿಡಿಯೊ ಮಾಡಿದೆ. ನಮ್ಮ ಬಳಗದ ಗ್ರೂಪಿಗೆ ಹಾಕಿದೆ. “ನೋಡ್ರಪ್ಪ, ಅಟ್ಟ ಅಂತ ಇನ್ಮೇಲೆ ಯಾವನಾದ್ರೂ ಅಂದ್ರೆ ನಾಲ್ಗೆ ಸೀಳ್ತೀನಿ! ಇದು ಬೆಡ್ರೂಮು! ಮನೆ ಬೆಲೆ ಒಂದೂವರೆ ಪಟ್ಟು ಏರೈತೆ!” ಎಂದು ಕೂಗಿದ್ದು ಎಲ್ಲ ನೆಂಟರ ಫೋನಿನಲ್ಲೂ ಹೋಗಿ ಕೂತಿತು. ನೀನೂ ಚಪ್ಪಾಳೆಯ ಚಿತ್ರ ಹಾಕಿದ್ದೆ.

ಅಕ್ಟೋಬರಿನ ಒಂದು ಭಾನುವಾರ ನೀವಿಬ್ಬರೂ ಬಂದಿರಿ. ಭಾನುಪ್ರಕಾಶ್ ಕಾಫಿ ಲೋಟ ಕೆಳಗಿಟ್ಟು, ಗಂಟಲು ಸರಿ ಮಾಡಿಕೊಂಡು, ಹಿರೇಹಳ್ಳಿಯ ತಮ್ಮ ಫ್ಯಾಕ್ಟರಿಯಲ್ಲಿ ಮೀಟಿಂಗಿಗೆ ಕೂತವರ ಹಾಗೆ ಮಾತು ಶುರು ಮಾಡಿದರು.

“ಚಿಕ್ಕಪ್ಪ, ನಮ್ಮ ಓನರ್ ಮಗನ ಮದುವೆಯಂತೆ. ಸಂಕ್ರಾಂತಿಗೆ ಮನೆ ಖಾಲಿ ಮಾಡಿ ಅಂದವ್ರೆ. ಶಿರಾ ಗೇಟ್ ಹಿಂದೆ ಒಂದು ಮನೆ ನೋಡಿದೀವಿ. ಮಾನಸ ಪಾಠ ಮಾಡೋ ಸ್ಕೂಲಿಗೂ ಹತ್ರ. ಈ ಮನೇಲಿ ಮಾವನೋರ ಭಾಗ ಇವಳಿಗೆ ಬರುತ್ತಲ್ಲ, ಅದನ್ನ ನೀವೇ ತಗೊಂಡುಬಿಟ್ರೆ...”

“ಆಯ್ತು ಕಣಪ್ಪ, ಅದಕ್ಕೇನಂತೆ” ಎಂದು ಒಂದೇ ಉಸಿರಿಗೆ ಅಂದೆ. ಅದನ್ನು ನೆನಪಿಡು ಮಾನಸಾ. ಒಂದೇ ಉಸಿರಿಗೆ ಅಂದೆ.

“ಬೆಲೆ ನಾವ್‌ನಾವೇ ಹೇಳೋದು ಬೇಡ. ಒಬ್ರು ವ್ಯಾಲ್ಯುಯರ್ ಕರೆಸೋಣ. ಬೆಡ್‌ರೂಮ್ ಮಾಡಿದ್ಮೇಲೆ ಒಂದೂವರೆ ಪಟ್ಟು ಏರಿದೆ ಅಂತ ನೀವೇ ಹೇಳಿದ್ರಲ್ಲ.”

ನಾನೂ ಕಾಫಿ ಲೋಟ ಕೆಳಗಿಟ್ಟೆ.

“ಬೆಡ್ರೂಮ್ ಕಟ್ಸಿದ್ದು ನಾನು ಕಣಯ್ಯ. ಖರ್ಚು ನಂದು. ಏರಿದ್ ಬೆಲೇಲಿ ಅರ್ಧ ಅವಳಿಗೆ ಅಂದ್ರೆ ಯಾವ್ ನ್ಯಾಯ?”

“ಅಟ್ಟದಲ್ಲಿ ಅರ್ಧ ಅವಳದೇ ಅಲ್ವಾ ಚಿಕ್ಕಪ್ಪ? ಕಟ್ಟಿಸೋಕೆ ಮುಂಚೆ ಅವಳನ್ನ ಒಂದು ಮಾತು ಕೇಳಿದ್ರಾ?”

“ಮನೆ ಮಗಳನ್ನ ಕೇಳೋದೇನ್ ಬಂತು?”

“ಮನೆ ಮಗಳು ಅಂದ್ರೆ ಭಾಗ ಕೊಡೋಕೆ ಯೋಚನೆ ಯಾಕೆ?”

ನಿನ್ನ ಗಂಡನ ಬಾಯಿ ನನ್ನ ಬಾಯಿಗಿಂತ ಕಡಿಮೆಯೇನಲ್ಲ, ಮದುವೆಯ ಮಾತುಕತೆಯಲ್ಲಿ ಅದನ್ನು ಬಚ್ಚಿಟ್ಟಿದ್ದರು. ನೀನು “ರೀ, ಸಾಕು” ಎಂದೆ. ನೆಲ ನೋಡುತ್ತಾ ಕೂತಿದ್ದವಳು ನೀನು. ಹೋಗುವಾಗ ನನ್ನ ಮುಖ ನೋಡಲಿಲ್ಲ.

ನಿನಗೆ ಗೊತ್ತಿಲ್ಲದ್ದು ಇನ್ನು ಮುಂದಿನದು. ಅಟ್ಟದ ಬೆಲೆಯಾದರೆ ನನ್ನ ಕೈಯಲ್ಲಿರುವುದರಲ್ಲೇ ನಿನ್ನ ಭಾಗ ಕೊಟ್ಟು ಮುಗಿಸಬಹುದು. ಬೆಡ್‌ರೂಮಿನ ಬೆಲೆಯಾದರೆ ನನ್ನ ಹೆಸರಿನ ತಗ್ಗಿನ ತೋಟ ಮಾರಬೇಕು. ಬೇರೆ ದಾರಿಯಿಲ್ಲ. ಆ ತೋಟದ ಸಸಿಗಳನ್ನು ನಾನೂ ನಿನ್ನಪ್ಪನೂ ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ್ದು. ನೆಟ್ಟಗೆ ಬೆಳೆದಿರುವವು ನಾನು ನೆಟ್ಟವು, ಸೊಟ್ಟಗಿರುವವು ನಿನ್ನಪ್ಪನವು. ಇದನ್ನು ನಿನಗೆ ಹೇಳಿದ್ದರೆ ನೀನು ಭಾಗವೇ ಬೇಡ ಎನ್ನುತ್ತೀಯ ಎಂದು ಹೇಳಲಿಲ್ಲ. ಹೇಳದೆ ಇದ್ದು ಏನು ಮಾಡಿದೆನೋ ಅದನ್ನು ಶನಿವಾರ ನೀನೇ ನೋಡಿದೆ.

ಶುಕ್ರವಾರ ಮಧ್ಯಾಹ್ನ ಮಂಚ ಬಿಚ್ಚಿಸಿ ದನದ ಕೊಟ್ಟಿಗೆಗೆ ಹಾಕಿಸಿದೆ. ಹಾಸಿಗೆ ಸುತ್ತಿ ಕೆಳಗಿನ ಕೋಣೆಯ ಮೂಲೆಗಿಟ್ಟೆ. ಫ್ಯಾನು ಬಿಚ್ಚಲು ಕರೆಂಟಿನವನು ಸಿಗಲಿಲ್ಲ, ಅದಕ್ಕೆ ಗೋಣಿಚೀಲ ಕಟ್ಟಿದೆ. ಆಮೇಲೆ ಕಾಯಿ. ಹಳೇ ಕಾಯಿ ಮಾರಿ ಆಗಿತ್ತು. ತೋಟದಲ್ಲಿ ಆ ವಾರ ಕಿತ್ತ ಹೊಸ ಕಾಯಿಯ ರಾಶಿ ಮಾತ್ರ ಇತ್ತು, ಹಸುರು ಇನ್ನೂ ಹೋಗಿರಲಿಲ್ಲ. ಎರಡು ಟ್ರ್ಯಾಕ್ಟರ್ ಕಾಯಿ ಹೊರಿಸಿ ಮೇಲೆ ಹರಡಿಸಿದೆ. ನೋಡಿದರೆ ಮದುವೆ ಮನೆಗೆ ಬಂದವರ ಹಾಗೆ ಮಿರಮಿರ ಮಿಂಚುತ್ತಿವೆ. ಒಲೆಯ ಬೂದಿ ತಂದು ಒಂದೊಂದಕ್ಕೂ ಸವರಲು ಕೂತೆ.

ನಿನ್ನ ಚಿಕ್ಕಮ್ಮ ಮೆಟ್ಟಿಲ ಮೇಲೆ ನಿಂತು ನೋಡಿದಳು.

“ಏನ್ ಮಾಡ್ತಾ ಇದೀರ?”

“ಕಾಣಕ್ಕಿಲ್ವಾ? ಕಾಯಿಗೆ ವಯಸ್ಸು ಹಾಕ್ತಾ ಇದೀನಿ.”

“ಕಾಯಿಗ್ ಪೌಡರ್ ಬಳಿಯೋ ಗಂಡಸನ್ನ ನಾನ್ ಇವತ್ತೇ ಕಂಡಿದ್ದು. ಆ ಹುಡುಗಿ ಉಣ್ಣೋ ಅನ್ನಕ್ ಮಣ್ಣಾಕ್ತಾ ಇದೀರ.”

“ಅನ್ನ ಹಾಕೋದು ಅವಳ್ ಗಂಡ. ನಾನು ತೋಟ ಉಳಿಸ್ಕತಾ ಇದೀನಿ. ನಿಂಗೇನ್ ಗೊತ್ತಾಯ್ತದೆ, ಬುಡು.”

“ತೋಟ ತಲೆ ಮೇಲ್ ಹೊತ್ಕಂಡ್ ಹೋಗಿ” ಎಂದು ಇಳಿದು ಹೋದಳು. ಬೂದಿಗೆ ಕೈ ಹಾಕಿ ನೆರವಾಗಲಿಲ್ಲ, ತಡೆಯಲೂ ಇಲ್ಲ.

ಶನಿವಾರ ಹತ್ತೂವರೆಗೆ ನಿಮ್ಮ ಕಾರು ಬಂತು. ಹಿಂದೆಯೇ ಸ್ಕೂಟರಿನಲ್ಲಿ ವ್ಯಾಲ್ಯುಯರ್ ಸದಾಶಿವಯ್ಯನವರು. ಮೆತ್ತಗಿನ ಮನುಷ್ಯ, ಮಾತಿಗೆ ಮುಂಚೆ ಕನ್ನಡಕ ಒರೆಸಿಕೊಳ್ಳುತ್ತಾರೆ. ಕೆಳಗಿನದೆಲ್ಲ ಅಳೆದರು. ಆಮೇಲೆ ಕಬ್ಬಿಣದ ಮೆಟ್ಟಿಲ ಮೇಲೆ ಕೈಯಿಟ್ಟು, “ಅಟ್ಟಕ್ಕೆ ಇಷ್ಟು ಚೆನ್ನಾಗಿರೋ ಮೆಟ್ಲಾ?” ಎಂದರು.

“ಕಾಯಿ ಹೊರೋರ್ ಬೀಳ್ಬಾರ್ದಲ್ಲ ಸಾರ್” ಎಂದೆ. ಭಾನುಪ್ರಕಾಶ್ ಕೆಮ್ಮಿದರು.

ಮೇಲೆ ಹೋದೆವು. ಬಾಗಿಲು ತೆಗೆದ ತಕ್ಷಣ ನೀನು ನಿಂತಲ್ಲೇ ನಿಂತುಬಿಟ್ಟೆ. ನಾನು ನಿನ್ನನ್ನು ನೋಡಲಿಲ್ಲ, ನೋಡಬಾರದು ಎಂದು ಮೊದಲೇ ತೀರ್ಮಾನಿಸಿದ್ದೆ. ಸದಾಶಿವಯ್ಯನವರು ಕಿಟಕಿ ನೋಡಿದರು, ಶೀಟು ನೋಡಿದರು, ತಲೆಯೆತ್ತಿ ಗೋಣಿಚೀಲ ನೋಡಿದರು.

“ಇದೇನು ನೇತಾಡ್ತಿರೋದು?”

“ಬೀಜದ್ ರಾಗಿ ಸಾರ್. ಇಲಿ ಕಾಟ.”

“ಮೂರು ರೆಕ್ಕೆ ಇರೋ ರಾಗಿಯಾ?” ಎಂದು ಸ್ವಿಚ್ಚಿನ ಕಡೆ ಕೈ ಚಾಚಿದರು. ಒತ್ತಿದರು. ಕರೆಂಟ್ ಇರಲಿಲ್ಲ. ನಾನು ಯಾವತ್ತೂ ಕರೆಂಟಿನವರಿಗೆ ಒಳ್ಳೆಯದಾಗಲಿ ಎಂದವನಲ್ಲ, ಅಂದು ಮನಸ್ಸಿನಲ್ಲೇ ಅಂದೆ.

ಅಷ್ಟರಲ್ಲಿ ಅವರು ಬಗ್ಗಿ ಒಂದು ಕಾಯಿ ಎತ್ತಿಕೊಂಡರು. ನಮ್ಮ ಸೀಮೆಯವರಿಗೆ ಅಟ್ಟದ ಕಾಯಿ ಕಂಡರೆ ಕೈ ಸುಮ್ಮನಿರುವುದಿಲ್ಲ. ಎತ್ತಬೇಕು, ಕಿವಿಯ ಹತ್ತಿರ ಅಲ್ಲಾಡಿಸಬೇಕು. ಬಣ್ಣಕ್ಕೆ ಬೂದಿ ಬಳಿದೆ, ಸದ್ದಿಗೆ ಏನು ಬಳಿಯಲಿ? ಹುಟ್ಟಿದಂದಿನಿಂದ ಕಾಯಿ ಅಲ್ಲಾಡಿಸಿದ ನನಗೆ ಆ ಮಾತು ಹೊಳೆದಿರಲೇ ಇಲ್ಲ.

ಕುಳುಕ್, ಕುಳುಕ್.

ಇನ್ನೊಂದು ಎತ್ತಿದರು. ಕುಳುಕ್. ಮೂಲೆಯಿಂದ ಇನ್ನೊಂದು. ಅದೂ ಕುಳುಕ್.

“ಯಾವಾಗ ಹಾಕಿದ ಕಾಯಿ ಅಂದ್ರಿ?”

“ಹೋದ್ ಕಾರ್ತೀಕದಲ್ಲಿ ಸಾರ್. ವರ್ಷಾಯ್ತು.”

“ನಮ್ಮನೇಲೂ ತೋಟ ಇದೆ ಸ್ವಾಮಿ. ವರ್ಷ ಕೂತ ಕಾಯಲ್ಲಿ ಕೊಬ್ಬರಿ ಗುಂಡು ಲೊಟಲೊಟ ಅನ್ಬೇಕು. ಇದನ್ನ ಕೊಚ್ಚಿದ್ರೆ ಮನೆಮಂದಿಗೆಲ್ಲ ಎಳನೀರು ಸಿಗುತ್ತೆ.” ಅಂಗೈ ತಿರುಗಿಸಿ ನೋಡಿಕೊಂಡರು. “ಬೂದಿ ಬೇರೆ.”

ಭಾನುಪ್ರಕಾಶ್ ಜೇಬಿನಿಂದ ಫೋನು ತೆಗೆದರು. ಬೆರಳು ಎರಡು ಸಲ ಆಡಿತು. “ನೋಡ್ರಪ್ಪ, ಅಟ್ಟ ಅಂತ ಇನ್ಮೇಲೆ” ಎಂದು ನನ್ನದೇ ಗಂಟಲು ಆ ಕೋಣೆಯಲ್ಲಿ ಎದ್ದಿತು. ಅಷ್ಟರಲ್ಲಿ ನೀನು ಆ ಫೋನಿನ ಮೇಲೆ ಅಂಗೈ ಮುಚ್ಚಿದೆ. ಸದ್ದು ನಿಂತಿತು.

ಸದಾಶಿವಯ್ಯನವರು ಕನ್ನಡಕ ತೆಗೆದು ಒರೆಸಿದರು. “ನೋಡಿ ಮೇಡಂ, ಇದು ಬ್ಯಾಂಕಿನ ಸಾಲಕ್ಕಲ್ಲ, ನಿಮ್ಮನಿಮ್ಮಲ್ಲಿನ ಒಪ್ಪಂದಕ್ಕೆ. ನನ್ನ ಕಣ್ಣಿಗೆ ಕಾಣ್ತಿರೋದು ಬೇರೆ. ಆದ್ರೆ ಇಬ್ರೂ ಒಂದೇ ಮಾತು ಹೇಳಿದ್ರೆ ನಾನ್ ಬರೀತೀನಿ. ನೀವು ಹೇಳಿ, ಇದು ಅಟ್ಟಾನಾ, ರೂಮಾ?”

“ಅಟ್ಟ ಸಾರ್” ಎಂದೆ ನೀನು.

“ಮಾನಸಾ!” ಎಂದರು ಭಾನುಪ್ರಕಾಶ್.

“ನನ್ನ ಭಾಗ ತಾನೇ ರೀ? ನಾನ್ ಹೇಳ್ತಿದೀನಿ. ಚಿಕ್ಕಂದಿನಿಂದ ನೋಡಿದೀನಿ, ಅಟ್ಟಾನೇ. ಬರ್ಕೊಳ್ಳಿ ಸಾರ್.”

ಬರೆದುಕೊಂಡರು. ನಾನು ಗೆದ್ದೆ ಎಂದುಕೊಂಡೆ. ಸುಳ್ಳೇಕೆ, ಕೈ ಮೀಸೆಗೂ ಹೋಯಿತು. ಅಲ್ಲಿಂದ ನಿನ್ನನ್ನು ನೋಡಿದೆ. ಪಿಯುಸಿಯಲ್ಲಿದ್ದಾಗ, ನಾನು ನೆಂಟರ ಮುಂದೆ ಒಂದು ಕಾಯಿಯನ್ನು ಹತ್ತು ಮಾಡಿ ಹೇಳಿದರೆ “ಚಿಕ್ಕಪ್ಪ, ಸುಳ್ಳು! ಒಂದೇ!” ಎಂದು ಒಳಗಿನಿಂದಲೇ ಕೂಗುತ್ತಿದ್ದವಳು ನೀನು. ನಿನ್ನಿಂದ ನನ್ನ ಮಾನ ಎಷ್ಟು ಸಲ ಹೋಗಿದೆಯೋ ಲೆಕ್ಕವಿಲ್ಲ. ಆ ಹುಡುಗಿ ಅಂದು ನನ್ನ ಸುಳ್ಳಿಗೆ ತಲೆಯಾಡಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು, ಮೆಟ್ಟಿಲಿಳಿದು ಹೋದಳು.

ಹಿತಕಿದ ಬೇಳೆ ಸಾರು ಕುದಿಯುತ್ತಿತ್ತು. “ಊಟ ಮಾಡ್ಕಂಡ್ ಹೋಗಿ” ಎಂದು ನಿನ್ನ ಚಿಕ್ಕಮ್ಮ ಮೂವರಿಗೂ ಹೇಳಿದಳು. ಉಂಡವರು ವ್ಯಾಲ್ಯುಯರ್ ಒಬ್ಬರೇ.

ಇಲ್ಲಿಯವರೆಗೆ ಬರೆದು ಪೆನ್ನು ಕೆಳಗಿಟ್ಟಿದ್ದೆ. ಈಗ ಸಂಜೆ ಭಾನುಪ್ರಕಾಶ್ ಅವರ ಫೋನು ಬಂತು. ನಾನು ಎತ್ತುವ ಮೊದಲೇ ಎದ್ದು ನಿಂತಿದ್ದೆ.

“ಚಿಕ್ಕಪ್ಪ, ಸೋಮವಾರ ಹನ್ನೊಂದಕ್ಕೆ ಟೈಂ ಕೊಟ್ಟವ್ರೆ. ಆಧಾರ್ ಒರಿಜಿನಲ್ ತನ್ನಿ. ಇಬ್ರು ಸಾಕ್ಷಿ ಬೇಕು.”

ಒಂದು ಕೆಟ್ಟ ಮಾತಿಲ್ಲ. ಕುಣಿಗಲ್ಲಿನವರು ಸಿಟ್ಟಾದರೆ ಕೂಗುತ್ತಾರೆ, ಇದು ಅದಲ್ಲ. ಕರೆಂಟ್ ಬಿಲ್ಲಿನವನು ಮಾತಾಡಿದ ಹಾಗಿತ್ತು.

“ಆ ಶಿರಾ ಗೇಟ್ ಮನೆ ಏನಾಯ್ತಪ್ಪ?”

“ಅದು ಆಗಲ್ಲ. ಅವರಿಗೆ ಬೇಡ ಅಂದ್ವಿ.”

“ಸಂಕ್ರಾಂತಿಗೆ ಎಲ್ಲಿಗೆ ಹೋಗ್ತೀರ?”

“ಬಾಡಿಗೆಗೆ ಇನ್ನೊಂದು ನೋಡ್ತೀವಿ. ಅದು ನಮ್ಮ ತಲೆನೋವು.”

“ಮಾನಸಾ ಮನೇಲವ್ಳಾ?”

“ಇದ್ದಾಳೆ. ಪೇಪರ್ ತಿದ್ತಾ ಇದಾಳೆ” ಎಂದರು. ಹಿಂದೆ ನೀನು ಕೆಮ್ಮಿದ್ದು ಕೇಳಿಸಿತು. ಆ ಕೆಮ್ಮು ನನಗೆ ಗೊತ್ತು, ಮಾತು ನುಂಗಿದಾಗ ಬರುವ ಕೆಮ್ಮು. ಫೋನು ನಿನ್ನ ಕೈಗೆ ಬರಲಿಲ್ಲ.

ಆದ್ದರಿಂದ ಈಗ ಗಟ್ಟಿಯಾಗಿ ಬರೆಯುತ್ತೇನೆ. ಸೋಮವಾರ ನಾನು ಆ ಆಫೀಸಿಗೆ ಬರುವುದಿಲ್ಲ. ಟೈಮು ಮುಂದಕ್ಕೆ ಹಾಕಿಸಿ. ನಿನ್ನೆ ಸಂಜೆಯೇ ಸದಾಶಿವಯ್ಯನವರಿಗೆ ಫೋನು ಮಾಡಿದೆ.

“ಸಾರ್, ಅದು ಬೆಡ್ರೂಮು.”

“ಗೊತ್ತು ಸ್ವಾಮಿ.”

“ಗೊತ್ತಿದ್ರೆ ಹಂಗೇ ಬರೀರಿ.”

“ನಿಮಗೇ ನಷ್ಟ ಅಲ್ವೇನ್ರೀ? ಅವರು ಒಪ್ಪಿ ಆಗಿದೆ.”

“ನಷ್ಟಾನೋ ಕಷ್ಟಾನೋ, ಅಷ್ಟ್ ಚೆನಾಗ್ ಕಟ್ಸಿರೋ ರೂಮನ್ನ ಸರ್ಕಾರದ್ ಕಾಗ್ದದಲ್ಲಿ ಅಟ್ಟ ಅಂತ ಬರಸ್ಕಳಕ್ಕೆ ನಾನೇನ್ ಬಿಟ್ಟಿ ಬಿದ್ದಿವ್ನಾ? ಮುಂದೆ ಯಾವನಾದ್ರೂ ಓದಿದ್ರೆ ಚಿಕ್ಕಬೋರಯ್ಯ ಅಟ್ಟದಲ್ಲಿ ತೇಗದ್ ಶೀಟು ಹಾಸ್ದ ಅಂತ ನಗಲ್ವಾ?”

ಅವರು ನಕ್ಕರು. ಆಮೇಲೆ, “ಒಂದು ಹೇಳ್ತೀನಿ ಕೇಳಿ. ಅಟ್ಟಾನ ರೂಮ್ ಮಾಡಿದ್ರೆ ಬೆಲೆ ಏರೋದು ನಿಜ. ನಿಂತ್ರೆ ತಲೆ ತಾಗ್ಬಾರ್ದು, ಗಾಳಿ ಬೆಳಕು ಇರ್ಬೇಕು, ಸರಿಯಾದ ಮೆಟ್ಲು ಇರ್ಬೇಕು. ನಿಮ್ಮದು ಎಲ್ಲಾ ಇದೆ. ಆದ್ರೆ ನೀವು ಊರಿಗೆಲ್ಲ ಸಾರಿದಷ್ಟು ಏರಲ್ಲ” ಎಂದರು. ಎಷ್ಟು ಏರುತ್ತದೆ ಎಂದು ಕೇಳಿದೆ. ಹೇಳಿದರು. ಒಂದೂವರೆ ಪಟ್ಟಿನ ಹತ್ತಿರಕ್ಕೂ ಇಲ್ಲ, ಅದು ನನಗೆ ಅವಮಾನವೇ. ಆದರೂ ಶಿರಾ ಗೇಟ್ ಮನೆಗೆ ನಿಮಗೆ ಸಾಲದೆ ಬಂದದ್ದನ್ನು ಅದು ತುಂಬುತ್ತದೆ. ತಗ್ಗಿನ ತೋಟವನ್ನು ಉಳಿಸುವಷ್ಟು ಕಡಿಮೆಯೂ ಅಲ್ಲ.

ನಾಡಿದ್ದು ಶನಿವಾರ ಬೆಳಿಗ್ಗೆ ಹತ್ತಕ್ಕೆ ಅವರು ಮತ್ತೆ ಬರುತ್ತಾರೆ. ಕಾಯಿ ಇಳಿಸಿ ಆಯಿತು. ಬೂದಿ ಬಳಿದದ್ದಕ್ಕಿಂತ ಒರೆಸಿದ್ದು ಕಷ್ಟವಾಯಿತು, ಶೀಟಿನ ಮೇಲೆ ಎರಡು ಕಡೆ ಗೀರು ಬಿದ್ದಿದೆ. ಮಂಚ ಜೋಡಿಸಿದೆ. ಫ್ಯಾನಿನ ಚೀಲ ಬಿಚ್ಚಿದೆ. ವೆಂಕಟರಂಗಯ್ಯನಿಗೆ ತೋಟಕ್ಕೆ ಗಿರಾಕಿ ನೋಡು ಎಂದು ಹೇಳಿದ್ದೇನೆ. ಅವನು ಆಗಲೇ ಒಬ್ಬನನ್ನು ಕರೆತಂದು ಮರ ತಟ್ಟಿಸಿ ಹೋದ. ನೀನು ಇದನ್ನು ಓದಿ ಅಪ್ಪ ನೆಟ್ಟ ಮರ ಎಂದು ರಾಗ ತೆಗೆಯಬೇಡ. ನಿನ್ನಪ್ಪ ಇದ್ದಿದ್ದರೆ ನನ್ನ ಕಿವಿ ಹಿಂಡಿ ಮೊದಲೇ ಮಾರಿಸುತ್ತಿದ್ದ. ಶಿರಾ ಗೇಟ್ ಮನೆಯವರಿಗೆ ಬೇಡ ಎಂದದ್ದನ್ನು ಬೇಕು ಎಂದು ಇವತ್ತೇ ತಿಳಿಸಲು ಭಾನುಪ್ರಕಾಶ್ ಅವರಿಗೆ ಹೇಳು. ಇನ್ನೊಬ್ಬರು ಹಾರಿಸಿಕೊಂಡು ಹೋದಾರು.

ಆದರೆ ಇಬ್ಬರೂ ಒಂದೇ ಮಾತು ಹೇಳಿದರೆ ಮಾತ್ರ ಬರೆಯುತ್ತೇನೆ ಎಂದಿದ್ದಾರೆ ಸದಾಶಿವಯ್ಯನವರು. ಒಮ್ಮೆ ಅಟ್ಟ ಎಂದವರು ನೀವಿಬ್ಬರು, ಈಗ ರೂಮ್ ಎನ್ನುವಾಗ ಎದುರಿಗಿರಬೇಕು ಎಂದರು. ನೀನು ಬರದಿದ್ದರೆ ಅಟ್ಟ ಅಟ್ಟವಾಗಿಯೇ ಉಳಿಯುತ್ತದೆ. ಆದ್ದರಿಂದ ಬಾ. ಬಂದು ಮೇಲೆ ನಿಂತುಕೊಂಡು, ಕೆಳಗಿರುವ ನನಗೆ ಕೇಳುವ ಹಾಗೆ, “ಚಿಕ್ಕಪ್ಪ ಹೇಳಿದ್ದು ಸುಳ್ಳು” ಎಂದು ಕೂಗು. ಗೀರು ಬಿದ್ದದ್ದಕ್ಕೂ ಸೇರಿಸಿ ಬೈಯಿ. ನಾನೂ ತಿರುಗಿ ಬೈಯುತ್ತೇನೆ, ಸುಮ್ಮನೆ ಕೇಳಿಸಿಕೊಳ್ಳುತ್ತೇನೆ ಎಂದುಕೊಳ್ಳಬೇಡ.

ಭಾನುಪ್ರಕಾಶ್ ಅವರಿಗೆ ಆಯುಸ್ಸು, ಆರೋಗ್ಯ, ಸ್ವಲ್ಪ ತಾಳ್ಮೆ ಸಿಗಲಿ. ಸಿದ್ಧಾರ್ಥ ನನ್ನ ಹಾಗೆ ಬುದ್ಧಿವಂತನಾಗಲಿ, ನಿನ್ನಪ್ಪನ ಹಾಗೆ ಒಳ್ಳೆಯವನಾಗಲಿ. ನಿನಗೆ ನಿನ್ನದೇ ಸೂರು ಬೇಗ ಆಗಲಿ, ಅದರ ಕೆಳಗೆ ನೀನು ನೂರು ಕಾಲ ನೆಮ್ಮದಿಯಿಂದ ಇರು.

ಇಂತಿ,
ನಿನ್ನ ಚಿಕ್ಕಪ್ಪ
ಚಿಕ್ಕಬೋರಯ್ಯ

ಮ.ವಿ.: ಸರ್ಕಾರದ ಕಾಗದ, ಊರವರ ನಗು ಎಂದೆಲ್ಲ ಮೇಲೆ ಬರೆದದ್ದು ಭಾನುಪ್ರಕಾಶ್ ಓದಲಿ ಎಂದು. ಇದನ್ನು ನೀನೊಬ್ಬಳೇ ಓದು.

ನಿನ್ನೆ ಸಂಜೆ ನಿನ್ನ ಚಿಕ್ಕಮ್ಮ ಅವರೆಕಾಯಿ ಬಿಡಿಸುತ್ತಾ, ನನ್ನ ಕಡೆ ನೋಡದೆ, ಗೋಡೆಗೆ ಹೇಳುವ ಹಾಗೆ ಹೇಳಿದಳು. ಶನಿವಾರ ನೀನು ಕಾರು ಹತ್ತುವ ಮುಂಚೆ, “ಸಂಕ್ರಾಂತಿಗ್ ಬಂದು ನಾಕ್ ದಿನ ಇದ್ ಹೋಗವ್ವ” ಅಂದಳಂತೆ. “ಎಲ್ಲಿ ಮಲಗ್ಲಿ ಚಿಕ್ಕಮ್ಮ? ಮೇಲೆ ಇರೋದು ಅಟ್ಟ ಅಲ್ವಾ?” ಅಂದೆಯಂತೆ ನೀನು. ನಗುತ್ತಲೇ ಅಂದೆಯಂತೆ. ನಗ್ತಾನೇ ಅಂದ್ಲು, ನಗ್ತಾನೇ ಅಂದ್ಲು ಎಂದು ಅವಳು ಮತ್ತೆ ಮತ್ತೆ ಹೇಳಿದಳು. ನಾನು ಎದ್ದು ಆಚೆ ಹೋಗಿ ಸದಾಶಿವಯ್ಯನವರಿಗೆ ಫೋನು ಮಾಡಿದೆ.

ಫ್ಯಾಕ್ಟರಿಯ ಇಂಜಿನಿಯರುಗಳು ಆ ರೂಮನ್ನು ಕೇಳಿಕೊಂಡು ಬಂದಿದ್ದರು ಮಾನಸಾ. ಇಬ್ಬರು. ಅಡ್ವಾನ್ಸೂ ಕೈಯಲ್ಲಿ ಹಿಡಿದಿದ್ದರು. ಖಾಲಿಯಿಲ್ಲ, ಮಗಳು ಅಳಿಯ ಬರುತ್ತಾರೆ ಎಂದು ಹೇಳಿ ಕಳಿಸಿದೆ. ಇವತ್ತಿನವರೆಗೂ ಆ ಮಂಚದ ಮೇಲೆ ಯಾರೂ ಮಲಗಿಲ್ಲ.